ನೋವಿನ ಗುಳಿಗಿ ಡಬ್ಬಿ

ನಮ್ಮನಿ ಫ್ರಿಡ್ಜ್ ಮ್ಯಾಲೆ ಒಂದು ಹಳೇ ಬಿಸ್ಕೀಟ್ ಡಬ್ಬಿ ಇರ್ತಿತ್ತು. ಓಣಿಯೊಳಗ ಯಾರಿಗೆ ಸೊಂಟ ಹಿಡೀಲಿ, ಮೊಣಕಾಲು ಹಿಡೀಲಿ, "ಅಕ್ಕಾರ, ಒಂದು ಗುಳಿಗಿ ಅದ ಏನ್ರಿ?" ಅಂತ ಬರ್ತಿದ್ರು. ನಾನೂ ದೊಡ್ಡ ಡಾಕ್ಟರ್ ಗತೆ "ಊಟ ಆದಮ್ಯಾಲೆ ತಗೋರಿ" ಅಂತ ಹೇಳಿ ಕೊಡ್ತಿದ್ದೆ. ಇದನ್ನ ಓದ್ಲಿಕತ್ತವರೊಳಗ ಅರ್ಧ ಮಂದಿ ನನ್ನ ಕೈಯಿಂದ ಗುಳಿಗಿ ನುಂಗಿದವರ ಇದ್ದೀರಿ. ಅದಕ್ಕ ಬರೀಲಿಕತ್ತೀನಿ.

ನನಗ ಶುಗರ್ ಬಂದು 9 ವರ್ಷ ಆತು. ಸಕ್ಕರಿ ಬಿಟ್ಟೆ, ಅನ್ನ ಕಡಿಮಿ ಮಾಡಿ ರೊಟ್ಟಿ ಹಿಡಿದೆ, ಮೂರು ತಿಂಗಳಿಗೊಮ್ಮೆ ರಕ್ತಾನೂ ತೋರಸ್ತಿದ್ದೆ. ಆದ್ರ ಮೂತ್ರದ ಪರೀಕ್ಷಾಕ್ಕ ಬರದುಕೊಟ್ಟ ಚೀಟಿ ಮಾತ್ರ ವರ್ಷಾ ವರ್ಷಾ ಪರ್ಸಿನೊಳಗ ಉಳೀತಿತ್ತು. ಕಾರಣ ನಮ್ಮಣ್ಣ. ಅವಗೂ ಶುಗರ್ ಇತ್ತು. ಕಡೀ ಎರಡು ವರ್ಷ ವಾರಕ್ಕ ಮೂರು ಸಲ, ನಾಕ್ ನಾಕ್ ತಾಸು ಡಯಾಲಿಸಿಸ್. ಇಡೀ ದಿನಕ್ಕ ಕುಡಿಯೋ ನೀರು ಅಳದು ಒಂದು ತಂಬಗಿಯೊಳಗ ಇಡ್ತಿದ್ಲು ವೈನಿ. ಬ್ಯಾಸಗಿಯೊಳಗ ಅಂವಾ ಆ ತಂಬಗಿ ನೋಡ್ತಿದ್ದದ್ದು ನೆನಪಾದ್ರ ನನಗ ಈಗೂ ಗಂಟಲೊಳಗ ನೀರು ಇಳಿಯಂಗಿಲ್ಲ. ನನಗೂ ಅದ ಗತಿ ಅಂತ ಗೊತ್ತಾದ್ರ ಹೆಂಗ ಅಂತ ಅಂಜಿ, ಗೊತ್ತ ಮಾಡ್ಕೊಳ್ಳಲಿಲ್ಲ.

ಹೋದ ಶ್ರಾವಣದಾಗ ಮಗಳು ಚೀಟಿ ನೋಡಿ, ಬೈದು ಕರಕೊಂಡು ಹೋದ್ಲು. ರಕ್ತದೊಳಗ ಕ್ರಿಯಾಟಿನಿನ್ 0.9, ಸರಿನ ಇತ್ತು. ನಾ ಎದ್ದ ಬಿಟ್ಟಿದ್ದೆ ಮನಿಗೆ ಹೋಗ್ಲಿಕ್ಕೆ. ಡಾಕ್ಟರು ಕೂಡ್ಸಿದ್ರು. ಮೂತ್ರದೊಳಗ ಅಲ್ಬುಮಿನ್ 140 ಬಂದಿತ್ತು, 30ರ ಒಳಗ ಇರಬೇಕು. ಕ್ರಿಯಾಟಿನಿನ್ ಏರೂದ್ರಾಗ ಕಿಡ್ನಿ ಭಾಳಷ್ಟು ಕೆಟ್ಟಿರ್ತದಂತ, ಮೂತ್ರದೊಳಗ ಮೊದ್ಲ ಗೊತ್ತಾಗ್ತದಂತ. ಕೈಕಾಲು ಬಾವಿಲ್ಲ, ಉರಿಯಿಲ್ಲ, ಏನೂ ಇಲ್ಲ, ಒಳಗ ಜರಡಿ ಸೋರ್ಲಿಕ್ಕೆ ಶುರು ಆಗಿತ್ತು.

"ಬ್ಯಾರೆ ಏನ್ ಗುಳಿಗಿ ತಗೋತೀರಿ?" ಅಂದ್ರು. ನಾ ಧೈರ್ಯಾಗಿ ಡಬ್ಬಿ ಕಥಿ ಹೇಳಿದೆ. ಅವರು ಪೆನ್ ಕೆಳಗಿಟ್ರು. ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಅಂಥವು ಕಿಡ್ನಿಗೆ ಹೋಗೋ ರಕ್ತಾನ ಕಡಿಮಿ ಮಾಡ್ತಾವ, ಶುಗರ್, ಬಿಪಿ ಇದ್ದವರು ಕೇಳದ ಮುಟ್ಟಬಾರದು ಅಂದ್ರು. ಮೊಣಕಾಲಿಗೆ ಪ್ಯಾರಾಸಿಟಮಾಲ್, ಅದೂ ಲೆಕ್ಕ ಹಾಕಿ.

ಒಂದ ಸಲದ್ದು ನಂಬಬಾರದಂತ, ಜ್ವರ, ಉರಿಮೂತ್ರ ಇದ್ರೂ ಏರ್ತದ. ಕಾರ್ತೀಕದಾಗ ಮತ್ತ ಮಾಡಿಸಿದ್ರೂ 130. ಆಮ್ಯಾಲೆ ಬಿಪಿ ಗುಳಿಗಿ ಶುರು ಮಾಡಿದ್ರು, ಅದು ಸೋರೂದನ್ನೂ ಕಡಿಮಿ ಮಾಡ್ತದ. ಎರಡು ವಾರಕ್ಕ ರಕ್ತದೊಳಗ ಪೊಟ್ಯಾಸಿಯಮ್ ನೋಡಿದ್ರು.

ಉಪ್ಪಿಂದು ಬ್ಯಾರೇನ ರಾಮಾಯಣ. ಎಲಿಗೆ ಮೊದಲ ಉಪ್ಪು ಬಡಸೋ ಮಂದಿ ನಾವು! ದಿನಕ್ಕ ಎಲ್ಲಾ ಸೇರಿ ಒಂದು ಸಣ್ಣ ಚಮಚ, 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಚಟ್ನಿಪುಡಿ ಎಲ್ಲಾ ಅದರೊಳಗ ಬಂತು. ನಮ್ಮವರು ಉಪಕಾರ ಮಾಡ್ಲಿಕ್ಕೆ ಸೋಡಿಯಂ ಕಡಿಮಿ ಇರೋ ಉಪ್ಪು ತಂದ್ರು. ಅದ್ರಾಗ ಪೊಟ್ಯಾಸಿಯಮ್ ಇರ್ತದ, ಕಿಡ್ನಿ ತ್ರಾಸು ಇದ್ದವರಿಗೆ, ಈ ಬಿಪಿ ಗುಳಿಗಿ ತಗೊಳ್ಳೋರಿಗೆ ಅದು ಬ್ಯಾಡ ಅಂತ ವಾಪಸ್ ಕಳಿಸಿದೆ. ಮೊದಲ ತಿಂಗಳು ಸಾರು ಗಂಟಲಿಗೆ ಇಳೀಲಿಲ್ಲ. ಲಿಂಬಿಹಣ್ಣು, ಹುರದ ಜೀರಗಿ ಹಾಕಿ ನಡೀತು.

ಆದ್ರ ನನ್ನ ನಿದ್ದಿಗೆಡಿಸಿದ್ದು ಎದುರುಮನಿ ಕಾಕು. ಅವರಿಗೆ ಶುಗರ್ 15 ವರ್ಷದ್ದು. ನನ್ನ ಮಾತು ಕೇಳಿ ದಿನಾ ಎರಡು ಗುಳಿಗಿ ನುಂಗ್ತಿದ್ರು. ಹೋಗಿ ಹೇಳಬೇಕಲ್ಲ? ನಾಕು ದಿನ ಬಾಗಲ ತನಕ ಹೋಗಿ ಬಂದೆ. ಐದನೇ ದಿನ ಹೇಳಿದೆ. ಕಾಕು ಸುಮ್ಮನ ಕೂತ್ರು. ಆಮ್ಯಾಲೆ ಒಳಗ ಹೋಗಿ ಉಳಿದ ಪಟ್ಟಿ ತಂದು ನನ್ನ ಉಡ್ಯಾಗ ಹಾಕಿ, "ಕೇಳಿದಾಕಿ ನಾನ ಅಲ್ಲೇನವಾ, ಅಳಬ್ಯಾಡ, ಚಹಾ ಕುಡಿ" ಅಂದ್ರು.

ಡಬ್ಬಿಯೊಳಗ ಈಗ ಸೂಜಿ, ದಾರ, ಗುಂಡಿ ಅವ. ಕಾಕೂನ ಮೂತ್ರ ನಿನ್ನೆ ಕೊಟ್ಟು ಬಂದೀವಿ. ರಿಪೋರ್ಟ್ ನಾಳೆ ಸಂಜಿಗೆ ಬರ್ತದ, ತರಲಿಕ್ಕೆ ನಾನೂ ಹೋಗಾಕಿ.