ಮೇಟಿ ಎಲ್ಲಿ ಹೋಯಿತು?

ಪುರ್ತಗೇರಿ ರಸ್ತೆ. ಸುಗ್ಗಿ. ಡಾಂಬರಿನ ಮೇಲೆ ಜೋಳದ ತೆನೆ ಹರವಿದ್ದಾರೆ. ಬಸ್ಸು, ಟ್ರ್ಯಾಕ್ಟರು, ನನ್ನ ಬೈಕು, ಎಲ್ಲರೂ ಪುಕ್ಕಟೆ ರಾಶಿ ಮಾಡಿಕೊಟ್ಟು ಹೋಗುತ್ತೇವೆ. ಕಾವಲು ಕುಂತ ಹಿರಿಯರನ್ನು ಕೇಳಿದೆ:

‘ಅಜ್ಜಾರ, ದೊಡ್ಡಮೇಟಿ ಅಂತ ಅಡ್ಡಹೆಸರು ಐತಲ್ಲ, ಮೇಟಿ ಅಂದ್ರೇನ್ರಿ?’

‘ಕಣದ ನಡುವಿನ ಕಂಬೋ ತಮ್ಮಾ. ಹಂತಿ ಎತ್ತು ಅದರ ಸುತ್ತ ತಿರಗತಿದ್ವು.’

‘ಈಗ ಎಲ್ಲೈತ್ರಿ?’

ರಸ್ತೆ ತೋರಿಸಿ ನಕ್ಕರು.

*

ನಾನು ಕೇಳಿದ್ದು ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ನೆನಪಿನಲ್ಲಿ. ಹುಟ್ಟಿದ್ದು 1908. ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲು ಕಂಡವರು. ಕರ್ನಾಟಕ ಏಕೀಕರಣದ ಗೊತ್ತುವಳಿಯನ್ನು 1947ರಲ್ಲಿ ಮಂಡಿಸಿದ್ದು ಮುಂಬಯಿ ಶಾಸನಸಭೆಯಲ್ಲಿ. ಜಕ್ಕಲಿಯವರು ಕನ್ನಡನಾಡು ಕೇಳಲು ಮುಂಬಯಿಗೆ ಯಾಕೆ ಹೋಗಬೇಕಿತ್ತು? ಶಾಲೆಯಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

*

ಉತ್ತರ ದಾರಿಯಲ್ಲಿ ಸಿಕ್ಕಿತು. ಗಜೇಂದ್ರಗಡದಿಂದ ಕುಷ್ಟಗಿಗೆ ದೂರವೇನಿಲ್ಲ. ಆದರೆ ರೋಣದ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಕುಷ್ಟಗಿ ನಿಜಾಮರಿಗೆ. ತವರುಮನಿ ಈಚೆ, ಗಂಡನ ಮನಿ ಆಚೆ ಇದ್ದ ಹೆಣ್ಣುಮಗಳಿಗೆ ಪಂಚಮಿಗೆ ಬರಬೇಕೆಂದರೂ ಸರ್ಕಾರ ಬದಲಾಗುತ್ತಿತ್ತು. ಏಕೀಕರಣ ಅಂದರೆ ಬರೀ ಸಾಹಿತಿಗಳ ಭಾಷಣ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಬೀಗರ ನಡುವಿನ ಮಾತು.

*

ಜಕ್ಕಲಿಯ ದೊಡ್ಡಮೇಟಿಯವರ ಮನೆಯಲ್ಲಿ ಭುವನೇಶ್ವರಿಯ ವರ್ಣಚಿತ್ರವಿದೆ. ಅವರೇ ಬರೆಯಿಸಿದ್ದು, 1953ರಲ್ಲಿ, ಕಲಾವಿದ ಸಿ.ಎನ್. ಪಾಟೀಲರಿಂದ. ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಂತದ್ದೂ ಅದೇ ವರ್ಷ. ಆಗಿನ್ನೂ ರಾಜ್ಯವೇ ಇಲ್ಲ, ಅದರ ತಾಯಿ ಆಗಲೇ ಗೋಡೆಯ ಮೇಲೆ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದಕ್ಕೆ ಊರು ನಕ್ಕಿತ್ತೋ, ಕೈಮುಗಿದಿತ್ತೋ? ಆಮೇಲೆ ವಿಧಾನಸೌಧದ ಆವರಣಕ್ಕೆ ಕಂಚಿನ ಭುವನೇಶ್ವರಿ ಬಂದಳು, 2025ರಲ್ಲಿ. ಮನೆಯವರ ದೇವರು ಯಾವಾಗ ನಾಡದೇವಿಯಾಗುತ್ತಾಳೆ? ಈ ಮನೆಯಲ್ಲಿ ಎರಡರ ನಡುವೆ ಹೊಸ್ತಿಲೇ ಇದ್ದಂತಿಲ್ಲ.

*

ಏಕೀಕರಣದ ಗಂಟು ಇನ್ನೂ ಬಿಚ್ಚದು. 1956ರಲ್ಲಿ ನಾಡು ಕೂಡಿತು, ಹೆಸರು ಮಾತ್ರ ಮೈಸೂರು. ರೋಣದ ಶಾಸಕರಾಗಿ ದೊಡ್ಡಮೇಟಿಯವರು ವಿಧಾನಸಭೆಯಲ್ಲಿ ‘ಕರ್ನಾಟಕ’ ಎಂದು ಕರೆಯಿರಿ ಅಂದರು. ಆಗಲಿಲ್ಲ. 1972ರಲ್ಲಿ ತೀರಿಕೊಂಡರು. ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಒಂದು ಸುಗ್ಗಿ ತಡ.

*

ವಾಪಸ್ ಬರುವಾಗ ಅಜ್ಜ ಅಲ್ಲೇ ಇದ್ದರು.

‘ಮೇಟಿ ಸುಮ್ಮನ ನಿಂತಿರತೈತಿ, ದುಡಿಯೂದು ಎತ್ತಲ್ಲೇನ್ರಿ?’ ಅಂದೆ.

‘ಮೇಟಿ ಕಿತ್ತು ನೋಡು. ಎತ್ತು ಕಣ ಬಿಟ್ಟು ಮಂದಿ ಹೊಲಕ್ಕ ಹೋಗತಾವ.’

ಅಷ್ಟು ಹೇಳಿ ಎದ್ದರು. ಗಾಡಿಗಳು ತೆನೆ ತಪ್ಪಿಸಿ ಮಣ್ಣಿಗಿಳಿಯಬಾರದೆಂದು ರಸ್ತೆಯಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಒಂದು ಸರಿದಿತ್ತು. ಕಾಲಿನಿಂದ ಅದನ್ನು ಜಾಗಕ್ಕೆ ನೂಕಿ, ತೆನೆಯ ಮೇಲೇ ಹೋಗು ಅಂತ ನನಗೆ ಕೈ ಬೀಸಿದರು.