ಬೇಟೆನಾಯಿಯ ಕೊರಳಪಟ್ಟಿ

ಎತ್ತಿಗೆ ಮೂಗುದಾರ, ಆಕಳಿಗೆ ಕಣ್ಣಿ, ಕುದುರೆಗೆ ಲಗಾಮು, ನಾಯಿಗೆ ಕೊರಳಪಟ್ಟಿ. ನಾವು ಸಾಕುವ ಪ್ರಾಣಿಗಳಿಗೆಲ್ಲ ಒಂದೊಂದು ಕಟ್ಟು ಉಂಟು. ಕೊರಳಪಟ್ಟಿಯನ್ನು ನಮ್ಮ ಜತ್ತ ಭಾಗದಲ್ಲಿ ಪಟ್ಟಾ ಎನ್ನುತ್ತೇವೆ. ಸಂತೆಯಲ್ಲಿ ಕೆಂಪು, ಹಸಿರು ಬಣ್ಣದ, ಗೆಜ್ಜೆ ಪೋಣಿಸಿದ ಪಟ್ಟಾಗಳು ತೂಗಾಡುವುದನ್ನು ನೀವು ನೋಡಿರಬಹುದು. ಚೆಂದ ಕಂಡದ್ದನ್ನು ಕೊಂಡು ತಂದು ನಾಯಿಯ ಕೊರಳಿಗೆ ಬಿಗಿದರೆ ಕೆಲಸ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ಆದರೆ ಎಲ್ಲ ನಾಯಿಗಳ ಕೊರಳೂ ಒಂದೇ ರೀತಿ ಇರುವುದಿಲ್ಲ. ಅದರಲ್ಲಿಯೂ ಬೇಟೆನಾಯಿಯ ಕೊರಳು ತೀರ ಬೇರೆ.

ಜತ್ತದಿಂದ ಅಥಣಿ, ಜಮಖಂಡಿ ದಾಟಿ ಹೋದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ಸಿಗುತ್ತದೆ. ಆ ಊರಿನ ಹೆಸರು ಹೊತ್ತ ಮುಧೋಳ ನಾಯಿ ದೇಶಕ್ಕೆಲ್ಲ ಪರಿಚಿತ. ಹಿಂದೆ ಮುಧೋಳ ಸಂಸ್ಥಾನದ ಅರಸರಾದ ಘೋರ್ಪಡೆ ಮನೆತನದವರು ಈ ತಳಿಯನ್ನು ಅಕ್ಕರೆಯಿಂದ ಬೆಳೆಸಿದರು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆಯು ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ಮುಧೋಳ ನಾಯಿಯೂ ಒಂದು. ಮಹಾರಾಷ್ಟ್ರದಲ್ಲಿ ಇದೇ ಬಗೆಯ ನಾಯಿಗೆ ಕಾರವಾನಿ ಎಂಬ ಹೆಸರಿದೆ. ಇಂಗ್ಲೆಂಡಿನ ಗ್ರೇಹೌಂಡ್ ಕೂಡ ಇದೇ ಗುಂಪಿಗೆ ಸೇರಿದ ನಾಯಿ. ಇವು ವಾಸನೆಗಿಂತ ಹೆಚ್ಚಾಗಿ ಕಣ್ಣನ್ನೇ ನಂಬಿ ಓಡುವ ನಾಯಿಗಳು. ಗ್ರೇಹೌಂಡ್ ಗಂಟೆಗೆ 60ರಿಂದ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು.

ಇಂಥ ನಾಯಿಯನ್ನು ಹತ್ತಿರದಿಂದ ನೋಡಿರಿ. ಉದ್ದ ಕಾಲು, ಆಳವಾದ ಎದೆ, ಒಳಕ್ಕೆ ಸೇರಿದ ಹೊಟ್ಟೆ. ಮೈಮೇಲೆ ಕೊಬ್ಬು ಕಡಿಮೆ, ಚರ್ಮ ತೆಳು, ಕೂದಲು ಗಿಡ್ಡ. ತಲೆ ಉದ್ದವಾಗಿ, ಕಿರಿದಾಗಿರುತ್ತದೆ. ಊರ ನಾಯಿಗೆ ಕೊರಳಿಗಿಂತ ತಲೆ ದಪ್ಪ. ಆದ್ದರಿಂದ ಕೊರಳಿಗೆ ಹಾಕಿದ ಪಟ್ಟಾ ತಲೆಯ ಮೇಲಿಂದ ಜಾರುವುದಿಲ್ಲ. ಬೇಟೆನಾಯಿಯ ತಲೆಯೂ ಕೊರಳೂ ಹೆಚ್ಚುಕಡಿಮೆ ಒಂದೇ ಅಳತೆ. ತೊಡಕಿನ ಮೂಲ ಇಲ್ಲೇ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಅಳುಮೋರೆ ಮಾಡಿಕೊಂಡು ನನ್ನ ಬಳಿ ಬಂದಳು. ಅವರ ಮನೆಯ ಬೇಟೆನಾಯಿಯ ಹೆಸರು ರಾಜಾ. ಅದು ಒಂದೇ ವಾರದಲ್ಲಿ ಮೂರು ಸಲ ಪಟ್ಟಾ ಕಳಚಿಕೊಂಡು ಓಡಿತ್ತು. ಮೂರನೆಯ ಸಲ ಡಾಂಬರು ರಸ್ತೆಗೇ ನುಗ್ಗಿತ್ತು. ಟೆಂಪೊದವನು ಬ್ರೇಕು ಹಾಕಿದ್ದರಿಂದ ಉಳಿಯಿತು.

“ಸರ್, ಪಟ್ಟಾ ಬಿಗಿಯಾಗೇ ಕಟ್ಟಿದ್ದೆರಿ. ಆದರೂ ಹೆಂಗ ಕಳಚ್ತದೋ ಗೊತ್ತಾಗವಲ್ದು. ನಾಳಿಂದ ಕಬ್ಬಿಣದ ಸರಪಳಿ ಹಾಕಿ ಗೂಟಕ್ಕೆ ಕಟ್ಟಿ ಬಿಡ್ತೀನಿ ಅಂತಾನ್ರಿ ನಮ್ಮಪ್ಪ. ಹಂಗ ಕಟ್ಟಿದರ ಅದು ಓಡೂದಾದರೂ ಯಾವಾಗ್ರಿ?” ಎಂದಳು.

ಅಂದು ಸಂಜೆ ಅವರ ಮನೆಗೆ ಹೋದೆ. ಜೊತೆಗೆ ಹಿಂದೆಯೇ ಹತ್ತು ಮಕ್ಕಳೂ ಬಂದರು. ಒಂದು ದಾರ ಮತ್ತು ಅಳತೆಪಟ್ಟಿ ತೆಗೆದುಕೊಂಡು ಮೂರು ಕಡೆ ಅಳೆದೆವು. ಕಿವಿಯ ಹಿಂದೆ ಕೊರಳಿನ ಸುತ್ತಳತೆ 36 ಸೆಂಟಿಮೀಟರ್. ಕಿವಿಯ ಬಳಿ ತಲೆಯ ಸುತ್ತಳತೆ 38. ಭುಜದ ಹತ್ತಿರ ಕೊರಳಿನ ಬುಡದಲ್ಲಿ ಸುತ್ತಳತೆ 43! ರಾಜಾನ ಪಟ್ಟಾ ಇದ್ದದ್ದು ಆ ಬುಡದಲ್ಲಿ.

“ಈಗ ಯೋಚಿಸಿರಿ. ಬುಡದಲ್ಲಿ ಬಿಗಿಯಾಗಿದ್ದ ಪಟ್ಟಾ ಕಿವಿಯ ಕಡೆಗೆ ಸರಿದರೆ ಏನಾಗುತ್ತದೆ?” ಎಂದು ಕೇಳಿದೆ.

“ಸಡಿಲ ಆಗ್ತದರಿ!” ಎಂದು ಮಕ್ಕಳು ಕೂಗಿದರು. ಹುಡುಗಿ ತನ್ನ ಹಳೆಯ ಪಟ್ಟಾವನ್ನು ತಾನೇ ಮುಂದಕ್ಕೆ ಸರಿಸಿದಳು. ಅದು ಕಿವಿ ದಾಟಿ ಸರಕ್ಕನೆ ಕೈಗೆ ಬಂತು. ಅವಳು ಬಿಗಿಯಾಗಿ ಕಟ್ಟಿದ್ದು ನಿಜ. ನಾಯಿ ಹಿಂದಕ್ಕೆ ಜಗ್ಗಿದಾಗ ಪಟ್ಟಾ ಸಣ್ಣ ಭಾಗಕ್ಕೆ ಸರಿದು ಕಳಚುತ್ತಿತ್ತು. ಅಳತೆ ತೆಗೆಯಬೇಕಾದದ್ದು ಕಿವಿಯ ಹಿಂದೆ, ಕೊರಳು ತೀರ ಸಣ್ಣಗಿರುವ ಕಡೆ. ಪಟ್ಟಾ ಕೂಡಬೇಕಾದದ್ದೂ ಅಲ್ಲಿಯೇ. ಪಟ್ಟಾ ಮತ್ತು ಕೊರಳಿನ ನಡುವೆ ನಮ್ಮ ಎರಡು ಬೆರಳು ಹಿಡಿಯುವಷ್ಟು ಜಾಗವಿರಬೇಕು. ಒಂದು ಬೆರಳೂ ಹೋಗದಿದ್ದರೆ ಅದು ಬಿಗಿ. ನಾಲ್ಕು ಬೆರಳು ಹೋದರೆ ಅದು ಸಡಿಲ.

ಇನ್ನು ಪಟ್ಟಾದ ಅಗಲ. ತುಂಬಿದ ನೀರಿನ ಚೀಲವನ್ನು ತೆಳುವಾದ ದಾರದಿಂದ ಎತ್ತಿ ನೋಡಿರಿ. ದಾರ ಬೆರಳನ್ನು ಕೊರೆಯುತ್ತದೆ. ಅದೇ ಚೀಲಕ್ಕೆ ಅಗಲವಾದ ಬಟ್ಟೆಯ ಹಿಡಿ ಇದ್ದರೆ ನೋವಾಗುವುದಿಲ್ಲ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದೇ ಇದಕ್ಕೆ ಕಾರಣ. ಬೇಟೆನಾಯಿಯ ಚರ್ಮ ತೆಳು. ಚರ್ಮದ ಕೆಳಗೇ ಉಸಿರಿನ ಕೊಳವೆ ಇದೆ. ಆದ್ದರಿಂದ ದೊಡ್ಡ ಬೇಟೆನಾಯಿಗೆ ನಾಲ್ಕೈದು ಸೆಂಟಿಮೀಟರ್ ಅಗಲದ ಪಟ್ಟಾ ಬೇಕು. ಮೆತ್ತಗಿನ ತೊಗಲು ಅಥವಾ ದಪ್ಪ ನೂಲಿನ ಪಟ್ಟಿ ಒಳ್ಳೆಯದು. ಅಂಚು ಹರಿತವಿರಬಾರದು. ಸರಪಳಿಯನ್ನು ಕೊರಳಿಗೆ ಸುತ್ತುವುದಂತೂ ಬೇಡ. ಅದು ಕೂದಲನ್ನು ಉಜ್ಜಿ ತೆಗೆಯುತ್ತದೆ, ಬಿಸಿಲಿಗೆ ಕಾಯುತ್ತದೆ.

ಗ್ರೇಹೌಂಡ್ ಸಾಕುವವರು ಅಡ್ಡಾಡಿಸಲು ಒಯ್ಯುವಾಗ ಎರಡು ಕುಣಿಕೆಯ ಪಟ್ಟಾ ಬಳಸುತ್ತಾರೆ. ಅದಕ್ಕೆ ಮಾರ್ಟಿಂಗೇಲ್ ಎಂದು ಹೆಸರು. ದೊಡ್ಡ ಕುಣಿಕೆ ಕೊರಳಲ್ಲಿರುತ್ತದೆ. ಹಗ್ಗವನ್ನು ಚಿಕ್ಕ ಕುಣಿಕೆಗೆ ಕಟ್ಟುತ್ತಾರೆ. ನಾಯಿ ಜಗ್ಗಿದಾಗ ದೊಡ್ಡ ಕುಣಿಕೆ ಕೊರಳಿನ ಅಳತೆಗೆ ಬಂದು ನಿಲ್ಲುತ್ತದೆ. ಜಗ್ಗುವುದನ್ನು ಬಿಟ್ಟರೆ ಸಡಿಲಾಗುತ್ತದೆ. ಸರಿಯಾಗಿ ಹೊಂದಿಸಿದರೆ ಅದು ಕಳಚುವುದೂ ಇಲ್ಲ, ಕತ್ತು ಹಿಸುಕುವುದೂ ಇಲ್ಲ. ಜಾರುಗಂಟಿನ ಉರುಳು ಹಾಗಲ್ಲ. ಎಳೆದಷ್ಟೂ ಅದು ಬಿಗಿಯುತ್ತಲೇ ಹೋಗುತ್ತದೆ. ಅದನ್ನು ಎಂದೂ ಹಾಕಬಾರದು. ಎರಡು ಕುಣಿಕೆಯ ಪಟ್ಟಾವನ್ನು ಮನೆಗೆ ಬಂದ ಕೂಡಲೇ ತೆಗೆಯಬೇಕು. ನಾಯಿ ಒಂಟಿಯಾಗಿದ್ದಾಗ ಆ ಚಿಕ್ಕ ಕುಣಿಕೆ ಬೇಲಿಗೋ ಮುಳ್ಳುಕಂಟಿಗೋ ಸಿಕ್ಕಿದರೆ ಪ್ರಾಣಕ್ಕೆ ಅಪಾಯ.

ನಮ್ಮೂರಿನಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ. ಅವರಿಗೆ ದಾರದ ಅಳತೆ ಕೊಟ್ಟು, ಕುಣಿಕೆಯ ಚಿತ್ರವನ್ನು ಪಾಟಿಯ ಮೇಲೆ ಬರೆದು ತೋರಿಸಿದೆವು. ಎರಡೇ ದಿನದಲ್ಲಿ ಅಗಲವಾದ ಪಟ್ಟಾ ಹೊಲಿದುಕೊಟ್ಟರು. ಒಳಗೆ ಮೆತ್ತಗಿನ ಬಟ್ಟೆಯನ್ನೂ ಕೂಡಿಸಿದ್ದರು. ರಾಜಾ ಹಿಂದಕ್ಕೆ ಜಗ್ಗಿ ನೋಡಿತು, ತಲೆ ಕೊಡವಿ ನೋಡಿತು. ಪಟ್ಟಾ ಕಳಚಲಿಲ್ಲ. ಹುಡುಗಿಯ ಅಪ್ಪ ಗೂಟದ ಮಾತನ್ನು ಮತ್ತೆ ಎತ್ತಲಿಲ್ಲ.

ಹಗ್ಗದ ಉದ್ದವೂ ಮುಖ್ಯ. ನಾಯಿ ಉದ್ದ ಹಗ್ಗದಲ್ಲಿ ವೇಗವಾಗಿ ಓಡಿ, ಹಗ್ಗ ಮುಗಿದ ಕಡೆ ಗಕ್ಕನೆ ನಿಂತರೆ ಆ ಪೆಟ್ಟೆಲ್ಲ ಕೊರಳಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಅಡ್ಡಾಡಿಸುವಾಗ ನಾಲ್ಕೈದು ಅಡಿ ಹಗ್ಗ ಸಾಕು. ಓಡಲು ಬಿಡುವುದಾದರೆ ಸುತ್ತಲೂ ಬೇಲಿಯಿರುವ ಜಾಗದಲ್ಲಿ ಬಿಡಬೇಕು. ಹೊಲದಲ್ಲಿ ಮೊಲವನ್ನೋ ಚಿಗರಿಯನ್ನೋ ಕಂಡರೆ ಬೇಟೆನಾಯಿ ಯಾರ ಕೂಗನ್ನೂ ಕೇಳುವುದಿಲ್ಲ. ಆ ಪ್ರಾಣಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ನೆನಪಿಡಿರಿ.

ನಾಯಿಮರಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಒಮ್ಮೆ ಪಕ್ಕದ ವಸತಿಯಲ್ಲಿ ಒಂದು ಮರಿಯನ್ನು ಕಂಡೆ. ಎರಡು ತಿಂಗಳ ಮರಿಯಿದ್ದಾಗ ಯಾರೋ ಅದರ ಕೊರಳಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಮರಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಹಗ್ಗ ಚರ್ಮದೊಳಗೆ ಹೂತು ಕೀವು ತುಂಬಿತ್ತು. ಹಗ್ಗವನ್ನು ಜಗ್ಗದೆ ಹಾಗೆಯೇ ಪಶುವೈದ್ಯರ ಬಳಿಗೆ ಒಯ್ದೆವು. ಅವರು ನೋವಾಗದಂತೆ ಔಷಧ ಕೊಟ್ಟು, ಹಗ್ಗ ಕತ್ತರಿಸಿ ತೆಗೆದರು. ಮರಿ ಬದುಕಿತು. ಆದರೆ ಕೊರಳ ಸುತ್ತ ಕೂದಲಿಲ್ಲದ ಗೆರೆಯೊಂದು ಉಳಿದೇಹೋಯಿತು. ಆ ಮನೆಯವರು ಕ್ರೂರಿಗಳಾಗಿರಲಿಲ್ಲ. ದಿನಾಲು ಅದಕ್ಕೆ ರೊಟ್ಟಿ, ಹಾಲು ಹಾಕುತ್ತಿದ್ದರು. ಕೊರಳನ್ನು ಮುಟ್ಟಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಆದ್ದರಿಂದ ಮರಿಯ ಪಟ್ಟಾಕ್ಕೆ ವಾರಕ್ಕೊಮ್ಮೆಯಾದರೂ ಎರಡು ಬೆರಳು ಹಾಕಿ ನೋಡಲೇಬೇಕು.

ದೊಡ್ಡ ನಾಯಿಯ ಪಟ್ಟಾವನ್ನೂ ಆಗಾಗ ಬಿಚ್ಚಿ ಕೊರಳನ್ನು ನೋಡಬೇಕು. ಅದರ ಕೆಳಗೆ ಉಣ್ಣೆ ಸೇರುತ್ತವೆ, ಮಣ್ಣು ಕೂಡಿ ತುರಿಕೆಯಾಗುತ್ತದೆ. ತೊಯ್ದ ತೊಗಲು ಒಣಗಿದಾಗ ಬಿರುಸಾಗುತ್ತದೆ. ಅದಕ್ಕೆ ತುಸು ಎಣ್ಣೆ ಸವರಿ ಮೆತ್ತಗೆ ಮಾಡಬೇಕು. ನೂಲಿನ ಪಟ್ಟಾವಾದರೆ ಒಗೆದು ಒಣಗಿಸಿದರೆ ಸಾಕು. ಪಟ್ಟಾದ ಮೇಲೆ ಮನೆಯವರ ಫೋನ್ ನಂಬರು ಬರೆದಿದ್ದರೆ, ನಾಯಿ ದಾರಿ ತಪ್ಪಿದರೂ ಸಿಕ್ಕವರು ತಿಳಿಸಬಹುದು.

ಮಕ್ಕಳೇ, ನಮ್ಮ ಅಂಗಿಯ ಗುಂಡಿ ಬಿಗಿಯಾದರೆ ನಾವು ತಾವೇ ಬಿಚ್ಚಿಕೊಳ್ಳುತ್ತೇವೆ. ಚಪ್ಪಲಿ ಕಚ್ಚಿದರೆ ಅವ್ವನಿಗೆ ಹೇಳುತ್ತೇವೆ. ನಾಯಿಗೆ ಬಿಚ್ಚಲೂ ಬರುವುದಿಲ್ಲ, ಹೇಳಲೂ ಬರುವುದಿಲ್ಲ. ಪಟ್ಟಾ ಕಟ್ಟಿದ ಕೈಯೇ ಅದನ್ನು ನೋಡಿಕೊಳ್ಳಬೇಕು. ಇಂದು ಸಂಜೆ ನಿಮ್ಮ ಮನೆಯ ನಾಯಿಯ ಪಕ್ಕದಲ್ಲಿ ಕುಳಿತು, ಮೈದಡವಿ, ಪಟ್ಟಾದೊಳಗೆ ಎರಡು ಬೆರಳು ಹಾಕಿ ನೋಡಿರಿ.