ಮನೆಯೊಳಗಿನ ಬಯಲು

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂಬ ಹೆಸರುಂಟು. ಗಾಳಿಯು ಬರತಕ್ಕ ದಾರಿಯೆಂದು ಅದರ ಅರ್ಥ. ನಾಲ್ಕು ಕಡೆಯೂ ಸಾಲೆಗಳಿದ್ದು ನಡುವೆ ಅಂಗಳವುಳ್ಳ ಮನೆಗೆ ಚತುಶ್ಶಾಲೆಯೆನ್ನುವರು. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಇದರ ಭೇದಗಳನ್ನು ವಿವರಿಸಿರುವನು. ಇದೇನೋ ಹಳೆಯ ಶಾಸ್ತ್ರದ ಮಾತೆಂದು ವಾಚಕರು ಪುಟ ತಿರುವಬೇಕಾಗಿಲ್ಲ. ಸೊರಬ ಶಿಕಾರಿಪುರಗಳ ಸೀಮೆಯಲ್ಲಿ ನಾವು ತೊಟ್ಟಿಮನೆಯೆಂದು ಕರೆಯುವುದು ಇದನ್ನೇ. ಆ ತೊಟ್ಟಿಯನ್ನು ಮುಚ್ಚಬೇಕೇ ಬೇಡವೇ ಎಂಬ ಪ್ರಶ್ನೆಯು ಈಗ ನಮ್ಮ ಬಂಧುಗಳಲ್ಲಿಯೇ ಎದ್ದಿದೆ.

ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ಬಿಸಿಲಿನ ಕಾವು ದಾಟುವಷ್ಟರಲ್ಲಿ ಸಂಜೆಯಾಗಿ ಹೋಗುವುದು. ಮಾಡಿನ ಕೆಳಗೆ ಅಟ್ಟವಿರುವುದರಿಂದ ಹೆಂಚಿನ ಬಿಸಿಯು ನೇರಾಗಿ ತಲೆಯ ಮೇಲೆ ಇಳಿಯದು. ಕಾದ ಗಾಳಿಯು ತೊಟ್ಟಿಯಿಂದ ಮೇಲೇರಿ ಹೋದಂತೆಲ್ಲ ಜಗಲಿಯ ಕಡೆಯ ತಂಪುಗಾಳಿಯು ಒಳಕ್ಕೆ ಬರುವುದು. ಶಿಕಾರಿಪುರದಲ್ಲಿ ನಾನೀಗ ವಾಸಮಾಡುವ ಕಾಂಕ್ರೀಟಿನ ಮನೆಯಾದರೋ ವೈಶಾಖದಲ್ಲಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ನಮ್ಮ ಮೇಲೆ ಕಾರುವುದು. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸಿ ಕೊಡುವುದು.

ಹಾಗೆಂದು ಹಳೆಯ ಮನೆಗಳೆಲ್ಲ ಸ್ವರ್ಗವೆಂದು ನಾನು ಹೇಳಲಾರೆ. ಒಳಕೋಣೆಗಳ ಕತ್ತಲೆಗೂ ಅಡಿಗೆಮನೆಯ ಹೊಗೆಗೂ ನಮ್ಮ ತಾಯಂದಿರ ಕಣ್ಣುಗಳು ತೆತ್ತ ಕಂದಾಯವನ್ನು ಯಾವ ವಾಸ್ತುಶಾಸ್ತ್ರವೂ ಲೆಕ್ಕಕ್ಕೆ ಹಿಡಿದಿಲ್ಲ. ಅವರಿಗೆ ಬೆಳಕೆಂಬುದು ದೊರೆಯುತ್ತಿದ್ದುದು ತೊಟ್ಟಿಯಲ್ಲಿಯೇ. ಜಗಲಿಯು ಗಂಡಸರದು, ತೊಟ್ಟಿಯು ಹೆಂಗಸರದು, ಬಾಣಂತಿಯರದು, ಹಾಸಿಗೆ ಹಿಡಿದವರದು.

ಸೊರಬದ ಕಡೆಯ ಹಳ್ಳಿಯೊಂದರಲ್ಲಿ ನಮ್ಮಕ್ಕನು ಸೊಂಟದ ಮೂಳೆ ಮುರಿದು ಎರಡು ವರ್ಷಗಳಿಂದ ಮಂಚದ ಮೇಲೆ ಇರುವಳು. ಮಂಚವು ಪಡಸಾಲೆಯಲ್ಲಿ, ತೊಟ್ಟಿಗೆ ಮುಖವಾಗಿದೆ. ತುಳಸಿಕಟ್ಟೆ, ನಾಲ್ಕು ಮಾಡುಗಳಿಂದ ಇಳಿಯುವ ನೀರು, ಒಂದು ಚೌಕ ಆಕಾಶ, ಇಷ್ಟೇ ಅವಳ ಪ್ರಪಂಚ. ಅವಳ ಮಗನು ತೊಟ್ಟಿಯ ಮೇಲೆ ಸ್ಲ್ಯಾಬು ಹಾಕಿಸಲು ಹೊರಟಿದ್ದಾನೆ. ಅವನ ಮಾತಿನಲ್ಲಿಯೂ ಹುರುಳುಂಟು: ಮಳೆಗಾಲದ ಎರಚಲು, ಕೋತಿಗಳ ಕಾಟ, ಎಲ್ಲಕ್ಕಿಂತ ಮಿಗಿಲಾಗಿ, "ಮಾವ, ಅಮ್ಮ ಪಾಚಿಯಲ್ಲಿ ಜಾರಿ ಬಿದ್ದದ್ದು ಅಲ್ಲಿಯೇ ಅಲ್ಲವೇ?" ಇದಕ್ಕೆ ನಾನು ಸುಲಭವಾಗಿ ಉತ್ತರ ಕೊಡಲಾರದೆ ಹೋದೆನು. ಅಕ್ಕನು ಮಾತ್ರ ನನ್ನ ಕಡೆ ತಿರುಗಿ, "ತಮ್ಮಾ, ಮಳೆ ಬಂತೆಂದು ನನಗೆ ಇನ್ನೊಬ್ಬರು ಬಂದು ಹೇಳಬೇಕೇನೋ?" ಎಂದಳು.

ಇದು ಮುದುಕಿಯ ಹಟವೆನ್ನತಕ್ಕವರಿಗಾಗಿ ಒಂದು ಸಂಗತಿಯನ್ನು ಹೇಳುವೆನು. ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸರು ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ 1972ರಿಂದ 1981ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 1984ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯಲ್ಲಿ ಅರ್ಧದಷ್ಟು ಜನರ ಕಿಟಕಿಗೆ ಮರಗಳು ಕಾಣುತ್ತಿದ್ದುವು, ಉಳಿದವರಿಗೆ ಬರಿಯ ಇಟ್ಟಿಗೆಯ ಗೋಡೆ. ಮರವನ್ನು ಕಂಡವರು ಸರಾಸರಿ ಮುಕ್ಕಾಲು ದಿನ ಮುಂಚಿತವಾಗಿ ಮನೆಗೆ ಹೋದರು. ನೋವಿನ ತೀಕ್ಷ್ಣವಾದ ಔಷಧಗಳೂ ಅವರಿಗೆ ಕಡಮೆಯೇ ಬೇಕಾದುವು. ಮುಕ್ಕಾಲು ದಿನವೆಂದರೆ ಅಲ್ಪವೆನಿಸಬಹುದು. ಮಲಗಿದವರನ್ನು ಕೇಳಿ ನೋಡಬೇಕು!

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವನ್ನು ಕಟ್ಟಿದ ಶಿಲ್ಪಿಗಳು ದೇವರಿಗೆ ಕತ್ತಲೆಯ ಗರ್ಭಗೃಹವನ್ನು ಮಾಡಿದರು, ಜನರು ಕೂಡುವುದಕ್ಕೆ ತೆರೆದ ಮಂಟಪವನ್ನು ಮಾಡಿದರು. ಬೇಸಗೆಯ ಮಧ್ಯಾಹ್ನ ಅಲ್ಲಿ ಕುಳಿತವನಿಗೆ ಆ ಶಿಲ್ಪಿಗಳ ತಾರತಮ್ಯಜ್ಞಾನವು ತಾನಾಗಿ ತಿಳಿಯುವುದು.

ಆದುದರಿಂದ ಸೋದರಳಿಯನಿಗೆ ಒಂದು ಕಾಗದ ಬರೆದಿದ್ದೇನೆ. ಕೋತಿಗಳಿಗೆ ಕಬ್ಬಿಣದ ಸರಳು ಸಾಕು. ನುಣುಪಾದ ಚಪ್ಪಡಿಯನ್ನು ತೆಗೆಯಿಸಿ ಒರಟು ಕಲ್ಲನ್ನು ಹಾಸಿ, ನೀರು ನಿಲ್ಲದಂತೆ ಕಾಲುವೆಯನ್ನು ಆಳಮಾಡಿದರೆ ಪಾಚಿಯ ಉಪದ್ರವವು ಬಹಳ ತಗ್ಗುವುದು. ಕಂಬದಿಂದ ಕಂಬಕ್ಕೆ ಹಿಡಿಕೆಯ ಕೋಲೊಂದಿರಲಿ. ಎರಚಲಿಗೆ ಅಡಕೆ ಸೋಗೆಯ ತಟ್ಟಿಯಿದ್ದೇ ಇದೆ, ತೋಟವು ಹಿತ್ತಿಲಲ್ಲಿಯೇ ಇರುವಾಗ ಅದಕ್ಕೆ ಹಣವೇಕೆ? ಅವನು ಆಗಲಿಯೆಂದೂ ಬರೆದಿಲ್ಲ, ಒಲ್ಲೆನೆಂದೂ ಬರೆದಿಲ್ಲ. ಗಾರೆಯವರು ದೀಪಾವಳಿ ಕಳೆದ ಮೇಲೆ ಬರುವರಂತೆ. ಸದ್ಯಕ್ಕೆ ಮಂಚವು ಇದ್ದಲ್ಲಿಯೇ ಇದೆ.